ಮಾರ್ಕು ಸರಿಯಾಗಿಯೇ ಇತ್ತು

ನಂಜನಗೂಡಿನ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ಲಾರಿಯದು. ಉಳಿದವರೆಲ್ಲ ಅದರ ಸುತ್ತಮುತ್ತ ಹೇಗೋ ಹೊಂದಿಕೊಂಡಿದ್ದೆವು. ಅಪ್ಪ, ಚಿಕ್ಕಪ್ಪ ಸೇರಿ ಆ ಹಳೆಯ ಲಾರಿಯನ್ನು ಕೊಂಡಾಗ, ಬೀದಿಗೆ ಮುಖ ಮಾಡಿದ್ದ ಜಗುಲಿಯನ್ನೂ ಅದರ ಪಕ್ಕದ ದನದ ಕೊಟ್ಟಿಗೆಯನ್ನೂ ಒಡೆದು, ಮೇಲೆ ಜಿಂಕ್ ಶೀಟು ಹೊದಿಸಿ ಅದಕ್ಕೊಂದು ಮನೆ ಮಾಡಿದರಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಲಾರಿಯ ಮೂತಿ ನಡುಮನೆಯ ಕಿಟಕಿಯವರೆಗೂ ಬಂದು ನಿಲ್ಲುತ್ತಿತ್ತು. ಊಟಕ್ಕೆ ಕೂತರೆ ಕಿಟಕಿಯ ಸರಳಿನಾಚೆ ಅದರ ಎರಡು ದೀಪಗಳು ನಮ್ಮ ತಟ್ಟೆಯನ್ನೇ ನೋಡುತ್ತಿದ್ದವು. ಕಾಯಿಸಿದ ಹಾಲಿಗೂ ಡೀಸೆಲ್ ವಾಸನೆ, ಒಗೆದು ಮಡಿಸಿಟ್ಟ ಲಂಗಕ್ಕೂ ಡೀಸೆಲ್ ವಾಸನೆ. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡರೆ ನನಗೆ ಅವಮಾನವಾಗುವುದಿರಲಿ, ಜಂಬವೇ ಬರುತ್ತಿತ್ತು. ನಿಮ್ಮ ಮನೆಯಲ್ಲಿ ಏನಿದೆಯಮ್ಮ, ಒಂದು ಬಡಕಲು ಎಮ್ಮೆ ತಾನೇ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಲಾರಿ ಓಡಿಸುತ್ತಿದ್ದವನು ಚಿಕ್ಕಪ್ಪ ಮಲ್ಲೇಶ. ಅಪ್ಪ ಪಕ್ಕದಲ್ಲಿ ಕೂತು ಲೋಡು, ಬಾಡಿಗೆ ನೋಡಿಕೊಳ್ಳುತ್ತಿದ್ದ. ಕವಲಂದೆ ಕಡೆಯಿಂದ ರಾಗಿ ಮೂಟೆ, ಟಿ. ನರಸೀಪುರದ ಕಡೆಯಿಂದ ಇಟ್ಟಿಗೆ, ಬೆಲ್ಲ, ಹೀಗೆ ಏನು ಸಿಕ್ಕಿದರೂ ಹೇರುತ್ತಿದ್ದರು. ಗಾಡಿ ಕೆಟ್ಟರೆ ಅಣ್ಣ ತಮ್ಮ ಇಬ್ಬರೂ ಅದರಡಿಗೆ ನುಗ್ಗಿ, ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈದುಕೊಂಡು, ಕೊನೆಗೆ ನಗುತ್ತಾ ಹೊರಗೆ ಬರುತ್ತಿದ್ದರು. ಒಳಗೆ ಅಜ್ಜಿಯದೇ ಯಜಮಾನಿಕೆ. ಉಪ್ಪಿನ ಮರಿಗೆಯಿಂದ ಹಿಡಿದು ಲಾರಿಯ ಪೂಜೆಯವರೆಗೆ ಅವಳು ಹೇಳಿದ ಹಾಗೇ ನಡೆಯಬೇಕು. ಅವ್ವ ಬಾಯಿ ಬಿಟ್ಟು ಮಾತಾಡುತ್ತಿದ್ದುದೇ ಕಡಿಮೆ. ಮಾತಾಡುತ್ತಿದ್ದವಳು ಚಿಕ್ಕಪ್ಪನ ಹೆಂಡತಿ, ನನ್ನ ಚಿಕ್ಕಮ್ಮ, ಮಾದೇವಿ. ಅವಳ ತವರು ಟಿ. ನರಸೀಪುರ. ಅವಳ ಕಿವಿ ಎಂಥ ಕಿವಿ ಅಂತೀರಿ! ಲಾರಿ ನಮ್ಮ ಬೀದಿಯ ತಿರುವಿಗೆ ಬರುವ ಎಷ್ಟೋ ಮೊದಲೇ, ನಮಗೆ ಯಾರಿಗೂ ಏನೂ ಕೇಳಿಸದಿದ್ದಾಗಲೇ, ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಹಿಟ್ಟಿಗೆ ಎಸರಿಡಲು ಏಳುತ್ತಿದ್ದಳು. ಮುದ್ದೆ ತಟ್ಟೆಗೆ ಬೀಳುವುದೂ ಚಿಕ್ಕಪ್ಪ ಕೈ ತೊಳೆದು ಬರುವುದೂ ಒಂದೇ ಹೊತ್ತಿಗೆ ಆಗುತ್ತಿತ್ತು. ನಾನು ಅವಳ ಸೆರಗು ಹಿಡಿದುಕೊಂಡೇ ಬೆಳೆದವಳು. ರಾತ್ರಿ ಮಲಗುತ್ತಿದ್ದುದೂ ಅವಳ ಪಕ್ಕದಲ್ಲೇ.

ಚಿಕ್ಕಪ್ಪ ಸತ್ತದ್ದು ಕಾಮಾಲೆಯಿಂದ. ಮುಡುಕುತೊರೆ ಕಡೆಗೆ ಒಬ್ಬನೇ ಲೋಡು ಹಾಕಿಕೊಂಡು ಹೋಗಿದ್ದ, ದಾರಿಯಲ್ಲಿ ಗಾಡಿ ಕೈ ಕೊಟ್ಟಿತ್ತು, ಹೇಗೋ ಸರಿಮಾಡಿಕೊಂಡು ಮನೆ ಸೇರಿಸಿದ್ದ. ಇಳಿದವನು ಸುಸ್ತು ಎಂದು ಕಿಟಕಿಯ ಪಕ್ಕ ಚಾಪೆ ಹಾಸಿಕೊಂಡು ಮಲಗಿದ. ಆಮೇಲೆ ನೆಟ್ಟಗೆ ಎದ್ದು ನಿಲ್ಲಲೇ ಇಲ್ಲ. ಬೇರು ಅರೆದು ಕುಡಿಸಿದರು, ಕೈಗೆ ಬರೆ ಹಾಕಿದರು, ಕಡೆಗೆ ಆಸ್ಪತ್ರೆಗೆ ಒಯ್ದು ವಾಪಸು ತಂದರು. ಕಣ್ಣು, ಉಗುರು ಎಲ್ಲಾ ಅರಿಸಿನವಾಗಿತ್ತು. ಒಂದು ಮಧ್ಯಾಹ್ನ ಅಪ್ಪನನ್ನು ಕರೆದು ಅವನು ಕೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಅಣ್ಣ, ಗಾಡಿ ಒಂದ್ಸಲ ಸ್ಟಾರ್ಟ್ ಮಾಡು. ಕೇಳ್ಬೇಕು ಅನ್ನಿಸ್ತಾ ಅದೆ."

ಅಪ್ಪ ಹೋಗಿ ಸ್ಟಾರ್ಟ್ ಮಾಡಿದ. ಜಿಂಕ್ ಶೀಟು ನಡುಗಿತು, ಗೂಡಿನಲ್ಲಿಟ್ಟ ಲೋಟಗಳು ಗಲಗಲ ಅಂದವು. ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಚಿಕ್ಕಮ್ಮ ಅವನ ಪಾದ ಹಿಡಿದು ಕೂತಿದ್ದವಳು ಇದ್ದಕ್ಕಿದ್ದಂತೆ, ನಿಲ್ಸಿ ಬಾವ, ನಿಲ್ಸಿ ಎಂದು ಕಿರುಚಿದಳು. ಇಂಜಿನ್ ಶಬ್ದದಲ್ಲಿ ಅಪ್ಪನಿಗೆ ಅದು ಕೇಳಿಸಲಿಲ್ಲ. ತಮ್ಮ ಹೋದ ಮೇಲೂ ಅವನು ಎಷ್ಟೋ ಹೊತ್ತು ಆ ಸೀಟಿನಲ್ಲಿ ಕೂತು ಅಕ್ಸಿಲರೇಟರ್ ಒತ್ತುತ್ತಲೇ ಇದ್ದ.

ಅಲ್ಲಿಂದ ನಮ್ಮ ಮನೆಯ ಗಾಳಿಯೇ ಬೇರೆಯಾಯಿತು. ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದರೆ ಮೊದಲು ಒಂದೆರಡು ಸಲ ಕೆಮ್ಮುತ್ತದಲ್ಲ, ಅದು ಚಿಕ್ಕಪ್ಪನ ಕೆಮ್ಮೇ ಎಂದಳು ಅಜ್ಜಿ. ಅವಳು ಅಂದ ಮೇಲೆ ನನಗೂ ಹಾಗೇ ಕೇಳಿಸತೊಡಗಿತು. ಅಮಾವಾಸ್ಯೆ ಬಂದರೆ ಅವನಿಗೆ ಇಷ್ಟವಾದ ಅವರೆಕಾಳು ಸಾರು, ಮುದ್ದೆಯನ್ನು ಬಾಳೆಲೆಯಲ್ಲಿ ಬಡಿಸಿ ಲಾರಿಯ ಬಾನೆಟ್ಟಿನ ಮೇಲೆ ಎಡೆ ಇಡುತ್ತಿದ್ದಳು. ಎಡೆ ಇಟ್ಟು, ಬಾನೆಟ್ಟಿಗೆ ಕೆನ್ನೆ ಒತ್ತಿ ಏನೇನೋ ಮಾತಾಡುತ್ತಿದ್ದಳು. ಒಮ್ಮೆ ಹತ್ತಿರ ಹೋಗಿ ಕೇಳಿಸಿಕೊಂಡೆ. ಪಕ್ಕದ ಬೀದಿಯಲ್ಲಿ ಯಾರದೋ ಹಸು ಕರು ಹಾಕಿತು ಎಂದು ಮಗನಿಗೆ ಸುದ್ದಿ ಹೇಳುತ್ತಿದ್ದಳು. ನನಗೆ ಹೆದರಿಕೆಯಾಗಿ ಓಡಿಬಂದೆ. ಆಮೇಲೆ ಆ ಕಿಟಕಿಗೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಿದ್ದೆ.

ಚಿಕ್ಕಮ್ಮನಿಗೆ ಅಜ್ಜಿ ಮಾಡಿದ ಕಟ್ಟಳೆಗಳು ಬೇರೆ. ಲಾರಿ ಹೊರಡುವಾಗ ಅವಳು ಎದುರು ಬರಕೂಡದು. ಅದಕ್ಕೆ ಬೆಳಿಗ್ಗೆ ಇಂಜಿನ್ ಸದ್ದಾದ ಕೂಡಲೇ ಅವಳು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಹಿಂದೆ ನಿಲ್ಲಬೇಕು. ಸದ್ದು ದೂರವಾದ ಮೇಲೆಯೇ ಒಳಗೆ ಬರಬೇಕು. ಎದುರು ಬರುವ ಕೆಲಸ ನನ್ನದು. ತಲೆಗೆ ಹೂವು ಮುಡಿಸಿ, ಹಿತ್ತಾಳೆ ಬಿಂದಿಗೆಗೆ ನೀರು ತುಂಬಿ ಸೊಂಟದ ಮೇಲೆ ಕೂರಿಸಿ, ನನ್ನನ್ನು ಬೀದಿಯ ಆ ಕಡೆಯಿಂದ ಈ ಕಡೆಗೆ ನಡೆಸುತ್ತಿದ್ದರು. ಲಾರಿಯ ಚಕ್ರ ನಿಂಬೆಹಣ್ಣು ಹತ್ತಿಕೊಂಡು ಮುಂದೆ ಹೋಗುತ್ತಿತ್ತು. ಈಗ ಅಪ್ಪನೇ ಓಡಿಸುತ್ತಿದ್ದ. ಬಿಂದಿಗೆ ಕೆಳಗಿಟ್ಟು ನಾನು ಹಿತ್ತಲಿಗೆ ಓಡಿದರೆ, ಚಿಕ್ಕಮ್ಮ ಕಲ್ಲಿನ ಹಿಂದೆ ಕತ್ತು ಓರೆ ಮಾಡಿ ನಿಂತು ಇನ್ನೂ ಕೇಳುತ್ತಲೇ ಇರುತ್ತಿದ್ದಳು. ಗಂಡನ ಗಾಡಿಯನ್ನು ಕಣ್ಣಿನಿಂದ ನೋಡಬಾರದು ಎಂದಿದ್ದರು ಸರಿ, ಕಿವಿಗೆ ಬೀಗ ಹಾಕಲು ಆಗುತ್ತದೆಯೇ?

ಲಾರಿಯ ಕಾಯಿಲೆ ಮೊದಲು ಗೊತ್ತಾದದ್ದು ಅವಳಿಗೇ. ಒಂದು ಸಂಜೆ ಅಪ್ಪ ಊಟಕ್ಕೆ ಕೂತಾಗ ಬಾಗಿಲ ಮರೆಯಲ್ಲೇ ನಿಂತು ಹೇಳಿದಳು.

"ಬಾವ, ಗಾಡಿ ಉಸ್ರು ತಪ್ತಾ ಅದೆ. ಸದ್ದು ಮೊದಲಿನಂಗಿಲ್ಲ. ಒಸಿ ನೋಡಿ."

"ಏನೂ ಆಗಿಲ್ಲ ಬುಡವ್ವ, ಚೆನ್ನಾಗೇ ಎಳೀತಾ ಅದೆ," ಎಂದ ಅಪ್ಪ.

ಆಗಿತ್ತು. ಸ್ವಲ್ಪ ದಿನದಲ್ಲೇ ಲಾರಿ ಲೋಡು ಎಳೆಯದಾಯಿತು. ಚೂರು ಏರು ಬಂದರೆ ಸೈಲೆನ್ಸರಿನಿಂದ ದಟ್ಟ ಹೊಗೆ. ಗಾಳಿ ಎಳೆದುಕೊಳ್ಳುವ ಕಡೆಯಿಂದ ತುಪ್ ತುಪ್ ಎಂದು ವಾಪಸು ಉಗಿಯುವುದು. ಒಳಗೆಲ್ಲೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು. ಅಪ್ಪ ಡೀಸೆಲ್ ಪಂಪು ಬಿಚ್ಚಿ ಮೈಸೂರಿಗೆ ಕಳಿಸಿ ಸರಿ ಮಾಡಿಸಿ ತಂದ. ನಾಜಲ್ ಬದಲಾಯಿಸಿದ. ಟ್ಯಾಪೆಟ್ ಅಡ್ಜಸ್ಟ್ ಮಾಡಿದ. ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ರೇಡಿಯೇಟರ್ ಇಳಿಸಿ ಇಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿದ. ಒಳಗೆ ಒಂದಕ್ಕೊಂದು ಹಲ್ಲು ಕಚ್ಚಿಕೊಂಡ ಗೇರುಗಳು ಎಣ್ಣೆಯಲ್ಲಿ ಹೊಳೆಯುತ್ತಿದ್ದವು. ಕಿಟಕಿ ಹತ್ತಿ ನೋಡುತ್ತಿದ್ದ ನನಗೆ ಅಪ್ಪ ತಾನಾಗಿಯೇ ಹೇಳಿದ. ಇಂಜಿನ್ನೂ ನಮ್ಮ ಥರಾನೇ ಮಗಾ, ಉಸಿರು ಎಳೆದುಕೊಳ್ಳಬೇಕು, ಬಿಡಬೇಕು. ಆ ಬಾಗಿಲು ತೆಗೆಯೋದು ಮುಚ್ಚೋದು ವಾಲ್ವು. ವಾಲ್ವು ಎತ್ತೋದು ಕ್ಯಾಮ್ ಶಾಫ್ಟು. ಅದರ ಗೇರಿನ ಮೇಲೊಂದು ಮಾರ್ಕು, ಕೆಳಗಿನ ಗೇರಿನ ಮೇಲೊಂದು ಮಾರ್ಕು. ಎರಡೂ ಎದುರುಬದುರು ಕೂತರೆ ಟೈಮಿಂಗ್, ಅಂದ್ರೆ ಉಸಿರಾಡೋ ಹೊತ್ತು, ಸರಿ. ನಾನೂ ಬಗ್ಗಿ ನೋಡಿದೆ. ಎರಡೂ ಮಾರ್ಕು ಎದುರುಬದುರಾಗಿಯೇ ಇದ್ದವು.

ಅಪ್ಪ ನನ್ನನ್ನು ಒಳಗೆ ಹೋಗು ಎಂದ. ಒಬ್ಬನೇ ಕೂತು ಗೇರು ಬಿಚ್ಚಿದ, ಏನೋ ಮಾಡಿದ, ಮತ್ತೆ ಕೂರಿಸಿದ. ಲಾರಿ ಮೊದಲಿನ ಹಾಗೆ ಗುಮ್ಮೆಂದಿತು. ಸರಿಹೋಯಿತು ಎಂದು ಅವ್ವ ಪಾಯಸ ಮಾಡಿದಳು. ಆದರೆ ಕೆಲವು ತಿಂಗಳು ಕಳೆದವೋ ಇಲ್ಲವೋ, ಬಾಗಿಲ ಮರೆಯಿಂದ ಮತ್ತೆ ಚಿಕ್ಕಮ್ಮನ ದನಿ ಬಂತು: ಬಾವ, ಸದ್ದು ತಪ್ತಾ ಅದೆ. ಮತ್ತೆ ಹೊಗೆ, ಮತ್ತೆ ಬಡಿತ. ಮತ್ತೆ ಅಪ್ಪ ಬಿಚ್ಚಿದ, ಮಾರ್ಕು ಸರಿಯಾಗಿಯೇ ಇತ್ತು. ಹೀಗೇ ಆಗುತ್ತಾ ಹೋಯಿತು. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮಾರ್ಕು ಸರಿಯಿದ್ದೂ ಟೈಮಿಂಗ್ ತಪ್ಪುತ್ತದೆ ಎಂದರೆ ಅದು ಕಬ್ಬಿಣದ ಕೆಲಸವಲ್ಲ, ಬೇರೆ ಯಾರದೋ ಕೆಲಸ ಎಂದು ಅಜ್ಜಿ ತೀರ್ಮಾನ ಮಾಡಿದಳು. ಅಪ್ಪ ಎದುರಾಡಲಿಲ್ಲ.

ಒಂದು ದಿನ ಚಿಕ್ಕಮ್ಮ ಹೇಳಿದ ಮಾರನೆಯ ದಿನವೇ ಲಾರಿ ಹೆಮ್ಮರಗಾಲದ ಹತ್ತಿರ ನಿಂತುಬಿಟ್ಟಿತು. ಅಪ್ಪ ಬೆವರು ಸುರಿಸಿಕೊಂಡು ಮನೆಗೆ ಬಂದಾಗ ಅಜ್ಜಿ ನಡುಮನೆಯಲ್ಲಿ ನಿಂತು ಶುರು ಮಾಡಿದಳು.

"ನೋಡ್ದಾ? ಅವ್ಳು ಬಾಯಿ ಬುಟ್ಳು, ಗಾಡಿ ನಿಂತ್ಕತು. ಪ್ರತಿ ಸಲ್ವೂ ಇದೇಯ. ಅವ್ಳು ಸದ್ದು ತಪ್ತದೆ ಅಂತಾಳೆ, ತಪ್ತದೆ."

"ತಪ್ಪಿದ್ದು ಕೇಳಿಸ್ತು, ಅದ್ಕೆ ಏಳ್ದೆ ಅತ್ತೆ. ನಾನು ಏಳ್ದೆ ಅಂತ ತಪ್ಪಿದ್ದಲ್ಲ," ಎಂದಳು ಚಿಕ್ಕಮ್ಮ.

"ಅಂಗಾರೆ ಗಾಡಿ ಓಡ್ಸೋನಿಗೆ ಕೇಳಿಸ್ದೆ ಇದ್ದುದ್ದು ಇತ್ಲಲ್ಲಿ ನಿಂತಿರೋ ನಿಂಗೆ ಎಂಗಮ್ಮೀ ಕೇಳಿಸ್ತದೆ? ನನ್ ಮಗ ಅದ್ರಲ್ಲವ್ನೆ. ನಿನ್ನ ಕರೀತಾವ್ನೆ. ನೀನು ಈ ಸೂರ್ನಡಿ ಇರೋಗಂಟ ಅವ್ನಿಗೂ ಬುಡುಗಡೆ ಇಲ್ಲ, ನಮ್ಗೂ ಇಲ್ಲ."

ನನಗೆ ಅಜ್ಜಿಯ ಮೇಲೆ ಎಂಥ ಕೋಪ ಬಂತೆಂದರೆ, ಅವಳ ಎಲೆಯಡಿಕೆ ಚೀಲ ತೆಗೆದು ಒಲೆಗೆ ಹಾಕಬೇಕೆನ್ನಿಸಿತು. ಹಾಕಲಿಲ್ಲ. ಅಜ್ಜಿ ಕವಲಂದೆಗೆ ಹೋಗಿ ಶಾಸ್ತ್ರ ಹೇಳುವವನೊಬ್ಬನನ್ನು ಕೇಳಿಕೊಂಡು ಬಂದಳು. ಅವನೂ ಅದನ್ನೇ ಹೇಳಿದನಂತೆ. ಹೇಳದೆ ಏನು ಮಾಡಿಯಾನು, ಪ್ರಶ್ನೆಯಲ್ಲೇ ಉತ್ತರ ಕಟ್ಟಿಕೊಂಡು ಹೋಗಿದ್ದಳಲ್ಲ. ಚಿಕ್ಕಮ್ಮನನ್ನು ತವರಿಗೆ ಕಳಿಸುವುದೆಂದು ಆಯಿತು. ಅವಳು ಅವ್ವನ ಮುಖ ನೋಡಿದಳು. ಅವ್ವ ಒಲೆ ಊದುತ್ತಾ ಕೂತಿದ್ದಳು. ಅಪ್ಪನ ಮುಖ ನೋಡಿದಳು.

"ಒಂದಿಷ್ಟು ದಿನ ಇದ್ದು ಬಾ ಮಾದೇವಿ," ಎಂದ ಅಪ್ಪ. "ಅವ್ವನ ಮನಸ್ಸಿಗೂ ಒಸಿ ಸಮಾಧಾನ ಆಗ್ಲಿ."

ಅವಳು ಬಸ್ಸಿನಲ್ಲಿ ಹೋದಳು. ಲಾರಿ ಹತ್ತಲು ಅವಳಿಗೆ ಎಲ್ಲಿಯ ಅಪ್ಪಣೆ? ನಾನು ಬಸ್ ಸ್ಟ್ಯಾಂಡಿನವರೆಗೂ ಅವಳ ಕೈ ಹಿಡಿದುಕೊಂಡು ಹೋದೆ. ಕಿಟಕಿಯಿಂದ ಬಗ್ಗಿ, ಗಾಡಿ ಸದ್ದು ಕೇಳ್ತಾ ಇರು ರತ್ನಿ, ತಪ್ಪಿದ್ರೆ ಅಪ್ಪಂಗೆ ಹೇಳು ಎಂದಳು. ಅವಳನ್ನು ಹೊರಗೆ ಹಾಕಿದ ಗಾಡಿಯ ಬಗ್ಗೆ ಅವಳಿಗೆ ಇನ್ನೂ ಅಷ್ಟು ಕಾಳಜಿ! ನಾನು ದಾರಿಯುದ್ದಕ್ಕೂ ಅಳುತ್ತಾ ಮನೆಗೆ ಬಂದೆ.

ಅವಳು ಹೋದ ಮೇಲೆ ಲಾರಿ ಬಲು ಚೆನ್ನಾಗಿ ಓಡಿತು. ಅದೇ ನೋಡಿ ಕಷ್ಟ. ಕಳಿಸುವ ಮುಂಚಿನ ದಿನಗಳಲ್ಲೇ ಅಪ್ಪ ಮತ್ತೊಮ್ಮೆ ಬಿಚ್ಚಿ ಜೋಡಿಸಿದ್ದ ಎಂಬುದು ಯಾರಿಗೂ ನೆನಪಿರಲಿಲ್ಲ. ಅಜ್ಜಿ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ಮನೆಯೊಳಗೆ ಮಾತ್ರ ಚಿಕ್ಕಮ್ಮ ಇದ್ದಾಗಲೂ ಇಲ್ಲದಷ್ಟು ಇದ್ದಳು. ಅವ್ವ ಮರೆತು ಒಂದು ತಟ್ಟೆ ಹೆಚ್ಚಿಗೆ ಇಡುವಳು, ಅಜ್ಜಿ ಬರುವ ಮೊದಲು ಎತ್ತಿಡುವಳು. ಒಗೆಯುವ ಕಲ್ಲಿನ ಹಿಂದೆ ಯಾರೋ ನಿಂತಂತೆ ಆಗಿ ನಾನು ನೀರಿಗೆ ಹೋಗುವುದನ್ನೇ ಬಿಟ್ಟೆ. ಸತ್ತ ಚಿಕ್ಕಪ್ಪ ಇಂಜಿನ್ನಿನಲ್ಲಿ ಕೆಮ್ಮುತ್ತಿದ್ದ, ಬದುಕಿರುವ ಚಿಕ್ಕಮ್ಮ ಹಿತ್ತಲಲ್ಲಿ ಕೇಳುತ್ತಿದ್ದಳು. ಆ ವಯಸ್ಸಿಗೆ ನನಗೆ ಇಬ್ಬರಲ್ಲಿ ಯಾರು ದೆವ್ವ ಎಂದು ತಿಳಿಯುತ್ತಿರಲಿಲ್ಲ. ನಾನೂ ಅವಳ ಹಾಗೆ ಕತ್ತು ಓರೆ ಮಾಡಿ ಕೇಳುವುದನ್ನು ಕಲಿತೆ. ಒಂದು ಬೆಳಿಗ್ಗೆ ಬಿಂದಿಗೆ ಹೊತ್ತು ಲಾರಿಯ ಎದುರು ಬರುವಾಗ ನನ್ನ ಕಿವಿಗೂ ಅದು ಬಿತ್ತು. ಉಸಿರು ತಪ್ಪುತ್ತಿತ್ತು. ಅಪ್ಪನಿಗೆ ಹೇಳಲು ಭಯ, ಹೇಳಿದರೆ ನನ್ನನ್ನೂ ಎಲ್ಲಿಗಾದರೂ ಕಳಿಸಿಬಿಟ್ಟರೆ?

ಬೇಸಿಗೆ ರಜ ಬಂದಿತ್ತು. ಟಿ. ನರಸೀಪುರಕ್ಕೆ ಇಟ್ಟಿಗೆ ತರಲು ಹೊರಟ ಅಪ್ಪನ ಜೊತೆ ನಾನೂ ಹತ್ತಿಕೊಂಡೆ. ಚಿಕ್ಕಮ್ಮನನ್ನು ನೋಡುವ ಆಸೆ, ಇನ್ನೇನು. ಇಟ್ಟಿಗೆ ಹೇರಿಕೊಂಡು ಊರಿನೊಳಕ್ಕೆ ಬರುವಷ್ಟರಲ್ಲಿ ಲಾರಿ ಹೊಗೆ ಕಾರಿ, ಬಡಿದುಕೊಂಡು, ನಡುರಸ್ತೆಯಲ್ಲೇ ನಿಂತಿತು. ಜನ ಸೇರಿ ತಳ್ಳಿ ಗೌಸ್ ಮೇಸ್ತ್ರಿಯ ಶೆಡ್ಡಿನ ಮುಂದೆ ತಂದು ಬಿಟ್ಟರು. ಗೌಸ್ ಮೇಸ್ತ್ರಿ ಎಂದರೆ ದೊಡ್ಡ ಗಂಟಲಿನ ಮನುಷ್ಯ. ಸ್ಪ್ಯಾನರಿಗಿಂತ ಹೆಚ್ಚು ಬಾಯಿ ಆಡಿಸುವವರು. ತಮ್ಮಂಥ ಕೈ ಕಾವೇರಿಯ ಈ ದಡದಲ್ಲೂ ಇಲ್ಲ, ಆ ದಡದಲ್ಲೂ ಇಲ್ಲ ಎಂದು ತಾವೇ ಹೇಳಿಕೊಂಡು, ಹುಡುಗರಿಗೆ ಬೈದು ಮುಂದಿನ ಮುಚ್ಚಳ ಬಿಚ್ಚಿಸಿದರು. ಅಪ್ಪ ಅಷ್ಟು ದೂರ ನಿಂತೇ ಹೇಳಿದ.

"ಮಾರ್ಕು ಸರಿಯಾಗೇ ಅದೆ ಮೇಸ್ತ್ರಿ. ನಾನು ಎಷ್ಟೋ ಸಲ ನೋಡಿದೀನಿ."

"ಮಾರ್ಕು ಸರಿಯಾಗೇ ಅದೆ ಸಾ, ಯಾರು ಇಲ್ಲ ಅಂದ್ರು? ಮಾರ್ಕು ಇರೋದು ಗೇರ್ ಮ್ಯಾಲೆ. ವಾಲ್ವ್ ಎತ್ತೋದು ಗೇರಾ? ಶಾಫ್ಟು! ಬನ್ನಿ ಇಲ್ಲಿ, ತಲೆ ಮ್ಯಾಲಿನ ಮುಚ್ಚಳನೂ ತೆಗೆಸಿದೀನಿ, ನೋಡಿ."

ಅವರು ಇಂಜಿನ್ ತಿರುಗಿಸಿ ಮಾರ್ಕುಗಳನ್ನು ಎದುರುಬದುರು ತಂದು ನಿಲ್ಲಿಸಿದರು. ಆಮೇಲೆ ಮೇಲೆ ಕೈಯಿಟ್ಟು ಕೊನೆಯ ಸಿಲಿಂಡರಿನ ಎರಡು ವಾಲ್ವು ತೋರಿಸಿದರು. ಈ ಹೊತ್ತಿನಲ್ಲಿ ಒಂದು ಮುಚ್ಚಿ ಮುಗಿಯುತ್ತಿರಬೇಕಂತೆ, ಇನ್ನೊಂದು ಆಗ ತಾನೇ ತೆರೆಯಲು ಹೊರಡಬೇಕಂತೆ. ಇಲ್ಲಿ ಮುಚ್ಚಬೇಕಾದ್ದು ಇನ್ನೂ ಬಾಯಿ ತೆರೆದೇ ಇತ್ತು. ಗೇರು ಬಂದಿದೆ, ಶಾಫ್ಟು ಹಿಂದೆ ಉಳಿದಿದೆ ಎಂದರು ಮೇಸ್ತ್ರಿ. ಎರಡನ್ನೂ ಹಿಡಿದಿಡುವುದು ಒಂದು ಕೀ, ಅರ್ಧಚಂದ್ರದ ಆಕಾರದ ಸಣ್ಣ ಉಕ್ಕಿನ ತುಂಡು. ಗೇರಿಗೂ ಶಾಫ್ಟಿಗೂ ನಡುವೆ ಕೊರೆದ ಕಚ್ಚಿನಲ್ಲಿ ಅದು ಬಿಗಿಯಾಗಿ ಕೂತಿರಬೇಕು. ಪುಲ್ಲರ್ ಹಾಕಿ ಗೇರು ಎಳೆದರು. ಮೇಸ್ತ್ರಿ ಇಕ್ಕಳದಿಂದ ಒಂದು ಕಪ್ಪು ಚೂರನ್ನು ಕಿತ್ತು, ಸೀಮೆಎಣ್ಣೆಯಲ್ಲಿ ಅದ್ದಿ, ಅಂಗೈ ಮೇಲೆ ಇಟ್ಟುಕೊಂಡರು. ಅದರ ಅಂಚೆಲ್ಲ ಸವೆದು ಗುಂಡಗಾಗಿತ್ತು. ಸುತ್ತ ಡಬ್ಬದ ತಗಡಿನ ಚೂರು ಸುತ್ತಿತ್ತು.

"ಇದ್ಯಾವ ಕಬ್ಬಿಣ ಗೊತ್ತಾ? ಎತ್ತಿನ ಗಾಡಿ ಚಕ್ರದ ಪಟ್ಟಿ! ಮೆತ್ತಗಿನ ಮಾಲು. ಯಾವನ್ ಸಾ ಇದನ್ನ ಅರ ಹಾಕ್ಕೊಂಡು ಕೂತಿದ್ದೋನು?"

"ನನ್ ತಮ್ಮ," ಎಂದ ಅಪ್ಪ.

"ಎಲ್ಲವ್ನೆ? ಕರ್ಕಂಡ್ ಬನ್ನಿ, ಎರಡು ಬಿಡ್ತೀನಿ."

"ಈಗಿಲ್ಲ. ತೀರ್ಕಂಡ."

ಗೌಸ್ ಮೇಸ್ತ್ರಿಯ ದೊಡ್ಡ ಗಂಟಲು ಇಳಿಯಿತು. ಆ ಚೂರನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದರು.

"ಕೆಲಸ ಚೆನ್ನಾಗೇ ಮಾಡವ್ನೆ, ಸುಳ್ಳು ಹೇಳಬಾರ್ದು. ದಾರೀಲಿ ಕೀ ಮುರಿದದೆ, ಸಿಕ್ಕಿದ್ರಲ್ಲಿ ಮಾಡ್ಕಂಡವ್ನೆ. ಇದು ಮನೆ ಮುಟ್ಟೋಗಂಟ ಸಾ, ಮನೆ ಮುಟ್ಟಿದ್ ಮ್ಯಾಲೆ ಬಿಸಾಕ್ಬೇಕು. ನೀವು ಬಿಚ್ಚಿದಾಗ ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಸವೆದಿತ್ತಲ್ಲ?"

"ಸವೆದಿತ್ತು. ತಿರುಗಿಸಿ ಹಾಕ್ದೆ. ಆ ಕಡೇನೂ ಸವೀತು, ತಗಡು ಸುತ್ತಿ ಹಾಕ್ದೆ."

"ಒಂದು ಹೊಸ ಕೀ ಹಾಕೋಕೆ ಏನ್ ಸಾ ಬ್ಯಾನೆ ನಿಮ್ಗೆ?"

ಅಪ್ಪ ಟವಲಿನಲ್ಲಿ ಬಾಯಿ ಒತ್ತಿಕೊಂಡೇ ಹೇಳಿದ. "ಅವ್ನು ಕೊನೇದಾಗಿ ಕೈಯಲ್ಲಿ ಮಾಡಿದ್ದು ಅದೊಂದೇ. ಅದು ಒಳಗಿರೋಗಂಟ ಗಾಡಿ ಅವ್ನೇ ಓಡಿಸ್ತಾವ್ನೆ ಅನ್ನಿಸ್ತಿತ್ತು. ತೆಗೆಯಾಕೆ ಕೈ ಬರ್ಲಿಲ್ಲ."

ನಾನು ಇಟ್ಟಿಗೆ ಲೋಡಿನ ನೆರಳಲ್ಲಿ ಕೂತು ಎಲ್ಲಾ ಕೇಳಿಸಿಕೊಂಡೆ. ಅಪ್ಪ ಅಳುತ್ತಿದ್ದುದನ್ನು ಮೊದಲ ಸಲ ನೋಡಿದ್ದು ಅಲ್ಲೇ. ಪಾಪ ಅನ್ನಿಸಿತು, ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಕಾಲು ಕಟ್ಟಿಹಾಕಿತು. ಕೀ ಸವೆದದ್ದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ, ಚಿಕ್ಕಮ್ಮನನ್ನು ನಡುಮನೆಯಲ್ಲಿ ನಿಲ್ಲಿಸಿ ಅಜ್ಜಿ ಆ ಮಾತು ಆಡುವಾಗ ಸುಮ್ಮನಿದ್ದ. ಆ ಕೀಯಿಂದಲೇ ಟೈಮಿಂಗ್ ತಪ್ಪುತ್ತಿದೆ ಎಂದು ಅವನಿಗೆ ತಿಳಿದಿತ್ತೇ? ತಿಳಿಯದಿರಲಿ ಎಂದು ತನ್ನ ಮನಸ್ಸನ್ನು ತಾನೇ ಆಚೆ ತಳ್ಳುತ್ತಿದ್ದನೇ? ಅಪ್ಪ ಇದ್ದಷ್ಟು ಕಾಲವೂ ಇದನ್ನು ಕೇಳಬೇಕೆಂದುಕೊಳ್ಳುತ್ತಿದ್ದೆ. ಈಗ ಕೇಳಲು ಅವನೂ ಇಲ್ಲ.

ಜೋಡಿಸುವುದು ನಾಳೆ ಎಂದರು ಮೇಸ್ತ್ರಿ. ಶಾಫ್ಟಿನ ಕಚ್ಚೂ ಸವೆದಿದ್ದರಿಂದ ಅದಕ್ಕೆ ತಕ್ಕಂತೆ ಗಟ್ಟಿ ಉಕ್ಕಿನಲ್ಲಿ ಚೂರು ದಪ್ಪನೆಯ ಕೀ ಮಾಡಬೇಕಿತ್ತು. ಸಂಜೆ ಅಪ್ಪ, ನಾನು ಚಿಕ್ಕಮ್ಮನ ತವರಿಗೆ ಹೋದೆವು. ಅವಳು ಸೊರಗಿದ್ದಳು. ನನ್ನನ್ನು ಕಂಡು, ಬಂದ್ಯಾ ನನ್ ಕಂದ ಎಂದು ಎಳೆದು ತಬ್ಬಿಕೊಂಡಳು. ಅವಳ ಸೀರೆಯಲ್ಲಿ ಡೀಸೆಲ್ ವಾಸನೆ ಇರಲಿಲ್ಲ, ಬೇರೆ ಯಾರನ್ನೋ ತಬ್ಬಿಕೊಂಡ ಹಾಗಾಯಿತು. ಅಪ್ಪ ಜಗುಲಿಯ ಅಂಚಿನಲ್ಲಿ ಕೂತು, ತಲೆ ತಗ್ಗಿಸಿ, ನಡೆದದ್ದನ್ನೆಲ್ಲ ಹೇಳಿದ. ಹೇಳಿ ಮುಗಿಸಿ, ಮನೆಗೆ ಬಾ ಮಾದೇವಿ ಎಂದ.

"ಅವರು ಮಾಡಿದ್ದು ಅಂತ ನಂಗೆ ಯಾಕೆ ಏಳ್ನಿಲ್ಲ ಬಾವ?" ಎಂದಳು ಚಿಕ್ಕಮ್ಮ. "ನೀವು ಬಿಚ್ಚಿದಾಗೆಲ್ಲ ಕೈಲಿ ಇಡ್ಕಂಡು ನೋಡಿದೀರಿ. ನಂಗೂ ಒಂದ್ಸಲ ತೋರುಸ್ಬೋದಿತ್ತಲ್ಲ. ನಾನು ಅವರ ಎಂಡ್ತಿ ಕಣ್ರೀ."

ಅವಳ ತಾಯಿ ಒಳಗಿನಿಂದ, ಮುಗೀತಲ್ಲ, ಬಾವನವರು ಕರೀತಾವ್ರೆ, ಹೊರಡು ಎಂದಳು. ಚಿಕ್ಕಮ್ಮ ತಲೆಯಲ್ಲಾಡಿಸಿದಳು.

"ಇವತ್ತು ಕೀ ಅಂತ ಗೊತ್ತಾತು, ಕರೆಯಾಕ್ ಬಂದ್ರಿ. ನಾಳೆ ಇನ್ನೊಂದು ಕೆಡ್ತದೆ, ಗಾಡಿ ಅಲ್ವಾ? ಆಗ ನಾನು ಮತ್ತೆ ಬಸ್ ಹತ್ಬೇಕಾ? ನಾ ಬತ್ತೀನಿ. ಆದ್ರೆ ಒಂದು ಮಾತು. ಅತ್ತೆ ಎದುರ್ಗೆ, ಬೀದಿಯೋರು ಕೇಳೋ ಅಂಗೆ, ನಿಮ್ ಬಾಯಿಂದ ಏಳಿ. ಮಾದೇವಿದು ತಪ್ಪಿಲ್ಲ, ನಾನು ಸವೆದಿದ್ದ ಕೀ ಹಾಕ್ತಿದ್ದೆ ಅಂತ ಏಳಿ. ಏಳಿದ್ ದಿನ ಯಾರ್ನಾರ ಕಳ್ಸಿ, ಅವತ್ತೇ ಬತ್ತೀನಿ."

"ಏಳ್ತೀನಿ ಕಣವ್ವ. ನಂಜುಂಡಪ್ಪನಾಣೆ ಏಳ್ತೀನಿ," ಎಂದ ಅಪ್ಪ.

ಆ ರಾತ್ರಿ ಅಲ್ಲೇ ಉಳಿದೆವು. ಎಷ್ಟೋ ತಿಂಗಳ ಮೇಲೆ ಅವಳ ಪಕ್ಕ ಮಲಗಿ ಗಡದ್ದಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಅವಳು ನನ್ನ ತಲೆ ಬಾಚುತ್ತಾ, ಹಿತ್ತಲ ಕರಿಬೇವಿನ ಗಿಡ ಎಷ್ಟೆತ್ತರ ಆಗಿದೆ ಎಂದು ಕೇಳಿದಳು. ಬಂದು ನೋಡು ಎಂದೆ. ಮಧ್ಯಾಹ್ನ ಕಳೆದು ಲಾರಿ ತಯಾರಾಯಿತು. ಗೌಸ್ ಮೇಸ್ತ್ರಿ ಸ್ಟಾರ್ಟ್ ಮಾಡಿ, ಕೈ ಕಟ್ಟಿ ನಿಂತು, ಕೇಳಿ ಸಾ, ಇದು ಇಂಜಿನ್, ನಾನು ಸಾಯ್ತೀನಿ, ಈ ಕೀ ಸಾಯಲ್ಲ ಎಂದರು. ಇಟ್ಟಿಗೆ ಹೇರಿದ್ದರೂ ಲಾರಿ ಹೂವಿನ ಹಾಗೆ ಎಳೆಯಿತು. ದಾರಿಯುದ್ದಕ್ಕೂ ಅಪ್ಪ ತುಟಿ ಅಲ್ಲಾಡಿಸುತ್ತಿದ್ದ. ಅಜ್ಜಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ನನಗೆ ಖುಷಿಯೋ ಖುಷಿ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಗೆ ತಿರುಗಿದೆವು. ಹಿಂದಿನ ದಿನ ಬರಬೇಕಾದ ಗಾಡಿ ಬರಲಿಲ್ಲವೆಂದು ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ಅಕ್ಕಪಕ್ಕದ ಹೆಂಗಸರೂ ಅವಳ ಜೊತೆ ಸೇರಿದ್ದರು. ಲಾರಿ ಗುಮ್ಮೆಂದು ಬಂದು ಕಿಟಕಿಯ ಮುಂದೆ ನಿಂತಿತು. ಹೊಗೆಯಿಲ್ಲ, ಬಡಿತವಿಲ್ಲ. ಅಜ್ಜಿ ಎದ್ದು ಬಂದು ಬಾನೆಟ್ಟಿಗೆ ಕೈಯೊತ್ತಿ ಲಟಿಕೆ ಮುರಿದಳು.

"ನೋಡ್ರವ್ವ, ನೋಡಿ! ಮಾದೇವಿ ಈ ಮನೆ ಬುಟ್ ಮ್ಯಾಲೆ ಎಂಗೆ ಬತ್ತಾ ಅದೆ ಗಾಡಿ! ನಾ ಏಳಿದ್ದು ಸುಳ್ಳಾಯ್ತಾ?"

ನಾನು ಅಪ್ಪನನ್ನು ನೋಡಿದೆ. ಅವನು ಕ್ಯಾಬಿನ್ನಿನಿಂದ ಇಳಿದು, ಹೆಂಗಸರ ನಡುವೆ, ಅಜ್ಜಿಯ ಎದುರಿಗೇ ನಿಂತಿದ್ದ. ಬಾಯಿ ತೆರೆದ. ಅಜ್ಜಿ ಸೆರಗಿನಿಂದ ಅವನ ಮುಖದ ಮಸಿ ಒರೆಸಿ, ಎಷ್ಟು ಸೊರಗೋದ್ಯೋ ನನ್ನಪ್ಪ, ಮಲ್ಲೇಶ ನೆಮ್ಮದಿಯಾದ ಕಣೋ, ಇನ್ನು ನೀನೂ ನೆಮ್ಮದಿಯಾಗಿರು ಎಂದು ಅತ್ತಳು. ಅಪ್ಪ ಬಾಯಿ ಮುಚ್ಚಿದ. ನೀರು ತಾರೇ ಎಂದು ಅವ್ವನಿಗೆ ಹೇಳಿದ.

"ಅಜ್ಜಿ, ಕೀ ಸವೆದಿತ್ತು," ಎಂದು ನಾನು ಕೂಗಿದೆ. "ಚಿಕ್ಕಪ್ಪ ಮಾಡಿದ್ದ ಕೀ. ಅಪ್ಪಂಗೆ ಗೊತ್ತಿತ್ತು. ಚಿಕ್ಕಮ್ಮಂದೇನೂ ತಪ್ಪಿಲ್ಲ, ಅಪ್ಪನ್ನ ಕೇಳು!"

"ಓ, ಅಲ್ಲಿಗೋಗಿದ್ರಾ? ಈ ಮಗಿನ ತಲೇಗೂ ತುಂಬಿ ಕಳ್ಸವ್ಳೆ ನೋಡಿ," ಎಂದಳು ಅಜ್ಜಿ ಹೆಂಗಸರ ಕಡೆಗೆ.

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಚೆಂಬಿನ ನೀರಿನಲ್ಲಿ ಕಾಲು ತೊಳೆದುಕೊಂಡು ಒಳಗೆ ಹೋದ. ನಾಳೆ ಹೇಳುತ್ತಾನೆ ಎಂದುಕೊಂಡೆ. ನಾಳೆಯೂ ಹೇಳಲಿಲ್ಲ. ಟಿ. ನರಸೀಪುರಕ್ಕೆ ಯಾರನ್ನೂ ಕಳಿಸಲಿಲ್ಲ.

ಆಮೇಲೆ ಆ ಲಾರಿಯ ಟೈಮಿಂಗ್ ತಪ್ಪಲೇ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟಾಗುತ್ತಿತ್ತು. ಸ್ಟಾರ್ಟಾದಾಗೆಲ್ಲ ಅಜ್ಜಿ ನೋಡಿದ್ರಾ ಎನ್ನುತ್ತಿದ್ದಳು, ಅಪ್ಪ ಗೇರು ಹಾಕುತ್ತಿದ್ದ. ಒಂದು ಸಲ, ಒಂದೇ ಒಂದು ಸಲ ಅದು ಕೆಡಲಿ, ಚಿಕ್ಕಮ್ಮ ಇಲ್ಲದೆಯೂ ಕೆಡುತ್ತದೆ ಎಂದು ಎಲ್ಲರೂ ನೋಡಲಿ ಎಂದು ನಾನು ನಂಜುಂಡಪ್ಪನಿಗೆ ಕೈ ಮುಗಿದು ಬೇಡಿಕೊಳ್ಳುತ್ತಿದ್ದೆ. ನಾನು ದೊಡ್ಡವಳಾದೆ, ಅಜ್ಜಿ ಹೋದಳು, ಲಾರಿಯನ್ನೂ ಯಾರಿಗೋ ಕೊಟ್ಟರು. ಅದು ಕೆಡಲಿಲ್ಲ. ಗೌಸ್ ಮೇಸ್ತ್ರಿಯ ಕೆಲಸ ಅಷ್ಟು ಚೆನ್ನಾಗಿತ್ತು.